ಗಿಳಿಹಸಿರು ಕಣ

ಗೊಂಬೆ ಹಬ್ಬದ ಒಂಬತ್ತು ದಿನವೂ ನಮ್ಮ ಅಗ್ರಹಾರದ ಹೆಂಗಸರು ಮನೆಮನೆಗೆ ಹೋಗಿ ಗೊಂಬೆ ನೋಡಿ, ತಾಂಬೂಲದ ಜೊತೆ ರವಿಕೆ ಕಣ ಪಡೆದು ಬರುತ್ತಾರೆ. ಆ ಕಣವನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ, ಮಡಿಕೆ ಕೂಡ ಬಿಚ್ಚದೆ ಮುಂದಿನ ಮನೆಗೆ ದಾಟಿಸುತ್ತಾರೆ ಎಂಬುದು ನನ್ನ ಗುಮಾನಿ.

“ಛೆ ಛೆ, ನಮ್ಮ ಬೀದೀಲಿ ಅಂಥೋರು ಯಾರೂ ಇಲ್ಲ,” ಎಂದರು ಅತ್ತೆ.

“ಪಂದ್ಯ ಕಟ್ತೀರಾ? ಸೋತೋರು ದೀಪಾವಳಿವರೆಗೂ ಬೆಳಗಿನ ಕಾಫಿ ಮಾಡ್ಬೇಕು.”

“ಓಹೋ, ಆಗ್ಲಿ!”

ಮೊದಲ ದಿನ ನನಗೆ ಬಂದ ಗಿಳಿಹಸಿರು ಕಣದ ಮೇಲಿನ ಮೂಲೆಗೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿ ಮೂಲೆಮನೆಯವರಿಗೆ ಕೊಟ್ಟೆ.

ಒಂಬತ್ತನೆಯ ಸಂಜೆ ಎದುರುಮನೆಯ ತಾಂಬೂಲದಲ್ಲಿ ಅದೇ ಗಿಳಿಹಸಿರು, ಅದೇ ಕೆಂಪು ಹೊಲಿಗೆ! ಚಪ್ಪಲಿ ಅಲ್ಲೇ ಮರೆತು ಮನೆಗೆ ಓಡಿದೆ.

“ಅತ್ತೆ, ಸೋತ್ರಿ! ನಾಳೆ ಕಾಫಿ ನಿಮ್ಮದೇ!”

ಅತ್ತೆ ಕಿಸಕ್ಕನೆ ನಕ್ಕು ಕಣವನ್ನು ಪೂರ್ತಿ ಬಿಚ್ಚಿ ಹಾಸಿದರು. ಉಳಿದ ಮೂರು ಮೂಲೆಗಳಲ್ಲೂ ಒಂದೊಂದು ಬಣ್ಣದ ಹೊಲಿಗೆಯಿತ್ತು.

“ಹಳದಿ, ಬಿಳಿ ಯಾರದೋ ಗೊತ್ತಿಲ್ಲ. ಈ ನೀಲಿ ಮಾತ್ರ ನಂದು, ನಿನ್ನ ಮದುವೆಗೂ ಮುಂಚೆ ಹಾಕಿದ್ದು.”