ಪರದೆಯೊಳಗೆ ಅಜ್ಜ

"ಒಳಗೆ ಬರಬೇಡ, ಅಲ್ಲೇ ನಿಲ್ಲು!"

ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಮಗಳು ಹೊಸಿಲ ಮೇಲೆ ಕಾಲಿಟ್ಟಿದ್ದಳಷ್ಟೇ, ಅವಳ ಅಪ್ಪ ನಡುಮನೆಯ ಮಂಚದಿಂದ ಕೂಗಿದರು. ವೃತ್ತಿಯಲ್ಲಿ ಟೈಲರು, ಮೈಮೇಲೆ ಮಾತ್ರ ಅಂಗಿಯಿಲ್ಲ. ಸೊಳ್ಳೆಪರದೆಯ ಅಂಚನ್ನೆಲ್ಲ ಹಾಸಿಗೆಯಡಿ ಸಿಕ್ಕಿಸಿಕೊಂಡು ಹಾಡುಹಗಲಲ್ಲೇ ಒಳಗೆ ಕುಳಿತಿದ್ದರು.

"ಇದೇನಪ್ಪಾ ಅವತಾರ? ಮನೇಲಿ ಅಷ್ಟೊಂದು ಸೊಳ್ಳೆನಾ?"

"ಮನೇಲಿ ಒಂದೂ ಇಲ್ಲ ಪುಟ್ಟಿ. ಇರೋವೆಲ್ಲ ನನ್ನ ಜೊತೆ ಇವೆ."

ಅಮ್ಮ ಹಣೆ ಚಚ್ಚಿಕೊಂಡರು. "ಹೋದ ಸಲ ಮಗುಗೆ ಸೊಳ್ಳೆ ಕಚ್ಚಿ ಜ್ವರ ಬಂತು ಅಂತ, ಸೊಳ್ಳೆ ಹೋಗೋವರೆಗೂ ಈ ಮನೆಗೆ ಕಾಲಿಡಲ್ಲ ಅಂದು ಹೋದೆಯಲ್ಲ, ಅವತ್ತಿಂದ ಇವರಿಗೆ ತಲೆ ಕೆಟ್ಟಿದೆ ಕಣೇ."

ತಲೆ ಕೆಟ್ಟಿದ್ದೇನೂ ಸುಳ್ಳಲ್ಲ. ಹೋದ ಸಲವೂ ಜ್ವರದ ಗಡಿಬಿಡಿಯಲ್ಲಿ ಮೊಮ್ಮಗಳನ್ನು ಕಣ್ತುಂಬ ನೋಡಿ ಎತ್ತಿಕೊಂಡವರಲ್ಲ ಪಾಪ. ಹೊಲಿಗೆ ಮಿಷನ್ನಿನ ಮೇಲಿದ್ದ ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗೊತ್ತಿ, ನೀರಿನ ಡ್ರಮ್ಮಿಗೆ ಟೋಪಿ ಹೊಲಿದರು, ಕಿಟಕಿಗಳಿಗೆ ಜಾಲರಿ ಹೊಲಿದರು. ಹೂಕುಂಡದಡಿಯ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ, ತಾರಸಿಯ ಮೇಲಿನ ಹಳೇ ಬಕೆಟ್ಟು, ಎಲ್ಲವನ್ನೂ ಬೋರಲು ಹಾಕಿದರು. ಅರ್ಧ ಕುಡಿದಿಟ್ಟ ಲೋಟವನ್ನೂ ನೆಂಟರ ಕಣ್ಣೆದುರಿಗೇ ಚೆಲ್ಲಿದರು. ನೆಂಟರು ಬರುವುದನ್ನೇ ಬಿಟ್ಟರು. ಸೊಳ್ಳೆಗಳೂ ಬಿಟ್ಟವು, ಇನ್ನು ಬಾ ಎಂದು ಮಗಳಿಗೆ ಫೋನೂ ಹೋಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ವೈರಿಯ ಹುಟ್ಟುಗುಣ ತಿಳಿಯಬೇಕೆಂದು ಬಕೆಟ್ಟು ಬೋರಲು ಹಾಕುವ ಮೊದಲೇ ಅದರಲ್ಲಿದ್ದ ಸೊಳ್ಳೆಮರಿಗಳನ್ನು ನೀರಿನ ಸಮೇತ ಗಾಜಿನ ಭರಣಿಗೆ ತುಂಬಿಕೊಂಡರು. "ನೋಡೇ ಇಲ್ಲಿ, ಬಾಲದಲ್ಲಿ ಉಸಿರಾಡ್ತಾವೆ!" ಎಂದು ಹೆಂಡತಿಯನ್ನು ಒಲೆ ಮುಂದಿನಿಂದ ಎಳೆದು ತಂದು ತೋರಿಸಿದರು. ರೆಕ್ಕೆ ಬಂದು ಹಾರಿಹೋದರೆ ಗತಿಯೇನು ಎಂಬ ಭಯವೂ ಇತ್ತು. ಅದಕ್ಕೇ ಭರಣಿಯನ್ನು ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿಟ್ಟರು. ಅಂದರೆ, ತಾವೇ ಹೊಲಿದ ಸೊಳ್ಳೆಪರದೆಯೊಳಗೆ.

"ಇವತ್ತು ಬೆಳಗ್ಗೆ ನೋಡಿದ್ರೆ ಪರದೆ ತುಂಬ ಸೊಳ್ಳೆ," ಅಮ್ಮ ಹೇಳಿದರು. "ಸ್ಪ್ರೇ ಹೊಡೀತೀನಿ ಅಂದ್ರೆ ಮಗುಗೆ ಆಗಲ್ಲ ಅಂದ್ರು. ಬ್ಯಾಟ್ ಕೊಟ್ರೆ ಪರದೆ ಸುಟ್ಟುಹೋಗುತ್ತಂತೆ. ಕೊನೆಗೆ ಬರಿಗೈಯಲ್ಲಿ ತಾವೇ ನುಗ್ಗಿದ್ರು."

"ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ," ಒಳಗಿನಿಂದ ವಿವರಣೆ ಬಂತು. "ಹೊಟ್ಟೆ ತುಂಬ ರಕ್ತ ಕೊಟ್ರೆ ಸುಮ್ನೆ ಕೂತ್ಕೊಳ್ಳುತ್ತೆ. ಆಗ ಹೊಡೀಬೇಕು."

"ಅಯ್ಯೋ, ಮುಖ ನೋಡ್ಕೊಂಡಿದ್ದೀಯಾ? ಬನ್ನಿನ ಥರ ಊದಿದೆ. ಆಚೆ ಬಾ ಅಪ್ಪಾ!"

"ನಾನು ಬಂದ್ರೆ ಅವೂ ಬರ್ತಾವೆ. ಮಗೂನ ಅಲ್ಲಿಂದ್ಲೇ ತೋರಿಸು."

ಮಗಳು ಕೂಸನ್ನು ಮಂಚದತ್ತ ತಿರುಗಿಸಿ ಹಿಡಿದಳು. ಅದೇ ಹೊತ್ತಿಗೆ ಅಜ್ಜ ಎರಡೂ ಅಂಗೈ ಸೇರಿಸಿ ಪಟಾರನೆ ಒಂದು ಏಟು ಬಿಟ್ಟರು. ಕೂಸು ಬೆಚ್ಚಿತು. ಇನ್ನೊಂದು ಏಟಿಗೆ ಕಣ್ಣರಳಿಸಿತು. ಮೂರನೆಯದಕ್ಕೆ ಕೇಕೆ ಹಾಕಿ ನಕ್ಕಿತು. ಅಜ್ಜನಿಗೆ ಎಲ್ಲಿಲ್ಲದ ಹುರುಪು ಬಂತು. ಮೊಣಕಾಲ ಮೇಲೆ ಎದ್ದು, ತೆವಳಿ, ಹಾರಿ ಹಾರಿ ಹೊಡೆದರು. ಮಂಚ ಕಿರುಗುಟ್ಟಿತು, ಕೂಸು ಬಿದ್ದು ಬಿದ್ದು ನಕ್ಕಿತು, ಮಗಳಿಗೂ ನಗು ತಡೆಯಲಾಗಲಿಲ್ಲ.

ಊಟದ ಹೊತ್ತಿಗೆ ಯುದ್ಧ ಮುಗಿಯಿತು. ಅಜ್ಜ ಮೂಲೆ ಮೂಲೆ ತಡಕಿ, ಒಂದೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಗೆ ಬಂದರು. ಸೋಪು ಹಾಕಿ ಕೈ ತೊಳೆದರು, ಒಗೆದ ಅಂಗಿ ತೊಟ್ಟರು. "ಕೊಡು ಪುಟ್ಟಿ" ಎಂದು ಎರಡೂ ಕೈ ಚಾಚಿದರು.

ಕೂಸು ಆ ಊದಿದ ಮುಖವನ್ನು ಹತ್ತಿರದಿಂದ ನೋಡಿತು. ತುಟಿ ಸೊಟ್ಟ ಮಾಡಿತು. ಮನೆಯ ಸೂರು ಹಾರಿಹೋಗುವಂತೆ ಚೀರಿ ತಾಯಿಯ ಕುತ್ತಿಗೆಗೆ ಜೋತುಬಿದ್ದಿತು.

"ಹೊಸ ಮುಖ ಅಲ್ವಾಪ್ಪಾ, ಬೇಜಾರು ಮಾಡ್ಕೋಬೇಡ. ಸ್ವಲ್ಪ ಹೊತ್ತು ಹೋಗಲಿ," ಎಂದಳು ಮಗಳು.

ಅಜ್ಜನಿಗೆ ಅಳುವೇ ಬಂತು. ಹಿಂದಕ್ಕೆ ತಿರುಗಿ, ಪರದೆ ಎತ್ತಿ ಒಳಗೆ ನುಸುಳಿ, ಅಂಚನ್ನು ಮತ್ತೆ ಹಾಸಿಗೆಯಡಿ ಸಿಕ್ಕಿಸಿ ಕುಳಿತರು. ಒಂದು ಚಪ್ಪಾಳೆ ಹೊಡೆದರು. ಅಳು ನಿಂತಿತು. ಇನ್ನೊಂದು ಹೊಡೆದರು. ಕೂಸು ನಕ್ಕಿತು.

"ಇನ್ನೂ ಉಳಿದಿವೆಯೇನ್ರೀ?" ಅಮ್ಮ ಅಡುಗೆಮನೆಯಿಂದ ಕೂಗಿ ಕೇಳಿದರು. "ಊಟಕ್ಕೆ ಬರಲ್ವಾ?"

"ಬೇಕಾದಷ್ಟಿವೆ," ಎನ್ನುತ್ತ ಅಜ್ಜ ಖಾಲಿ ಗಾಳಿಗೆ ಕೈ ಬೀಸಿದರು. "ತಟ್ಟೆ ಇಲ್ಲಿಗೇ ತಂದುಕೊಡು."