ಮರಿಯ ಗೆರೆ

ಪ್ರಯೋಗಾಲಯದಲ್ಲಿ ಅವಳು ತಟ್ಟೆಯನ್ನು ಮೆಲ್ಲಗೆ ತೂಗುತ್ತ ತೊಳೆದಂತೆಲ್ಲ ಅದರೊಳಗಿನ ಜೆಲ್ ಹಾಳೆ ಹೆಚ್ಚುವರಿ ನೀಲಿ ಬಣ್ಣ ಬಿಡುತ್ತಿತ್ತು. ಹಾವಿನ ವಿಷದೊಳಗಿನ ಪ್ರೋಟೀನುಗಳು ಒಂದೊಂದೇ ಗೆರೆಯಾಗಿ ಎದ್ದು ಬಂದವು. ಎಡಕ್ಕೆ ದೊಡ್ಡ ಹಾವುಗಳ ವಿಷ, ಬಲಕ್ಕೆ ಮರಿಯದು. ಮರಿಯ ಸಾಲಿನ ಕೆಳತುದಿಯಲ್ಲಿ ಕಾಡಿಗೆ ತೀಡಿದಂತೆ ದಪ್ಪನೆಯ ಗೆರೆಯೊಂದಿತ್ತು. ದೊಡ್ಡವುಗಳ ಸಾಲಿನಲ್ಲಿ ಆ ಜಾಗ ಖಾಲಿ.

"ಅದಕ್ಕೇ ಅಕ್ಕ, ಅಷ್ಟು ಮದ್ದು ಕೊಟ್ರೂ ಭಾವ ಉಳೀಲಿಲ್ಲ," ಎಂದಳು ಪಕ್ಕದ ಮೇಜಿನ ಗೆಳತಿ, ದನಿ ತಗ್ಗಿಸಿ. "ಮದ್ದು ಮಾಡೋದು ನಾವು ಕಳಿಸೋ ದೊಡ್ಡ ಹಾವುಗಳ ವಿಷದಿಂದ. ಅವರಿಗೆ ಕಚ್ಚಿದ್ದು ಮರಿ."

ಅವಳು ಹೂಂಗುಟ್ಟಿದಳು. ಅಳು ಬರಲಿಲ್ಲ. ಇಲ್ಲಿಯ ಹಾವುಗಳನ್ನು ನೋಡಿಕೊಳ್ಳುತ್ತಿದ್ದ ಅವಳ ಗಂಡ, ವಿಷ ತೆಗೆಯುವ ದಿನ ಮರಿಗಳ ಪೆಟ್ಟಿಗೆಯತ್ತ ಸುಳಿಯುತ್ತಲೇ ಇರಲಿಲ್ಲ. ಅವುಗಳದ್ದೂ ಬೇಕು ಎಂದು ಇವಳು ಕೇಳಿದಾಗಲೆಲ್ಲ, "ಹಾಲುಗಲ್ಲದ ಕೂಸುಗಳು ಕಣೇ, ಪಾಪ. ದೊಡ್ಡವಾಗ್ಲಿ ಬಿಡು," ಎನ್ನುತ್ತಿದ್ದ. ಇವಳೂ ನಕ್ಕು ಸುಮ್ಮನಾಗುತ್ತಿದ್ದಳು.

"ಅಕ್ಕ, ಸಾಕು ತೊಳೆದಿದ್ದು. ಇನ್ನೂ ತೊಳೆದ್ರೆ ಆ ಗೆರೆನೂ ಅಳಿಸಿ ಹೋಗತ್ತೆ."

ಗೊತ್ತು ಎನ್ನುವಂತೆ ಅವಳು ತಲೆಯಾಡಿಸಿದಳು. ಕೈ ಮಾತ್ರ ತಟ್ಟೆಯನ್ನು ತೂಗುತ್ತಲೇ ಇತ್ತು.