ಹಗ್ಗದಣ್ಣ ತೆರೆದಿಟ್ಟ ಫೈಲ್

ಸತ್ತವರ ಹೆಸರು ಪರದೆಯ ಮೇಲೆ ಮತ್ತೆ ಮೂಡಿತು.

‘ಈ ಫೈಲನ್ನು ಹಗ್ಗದಣ್ಣ ತಿದ್ದುತ್ತಿದ್ದಾರೆ. ಸದ್ಯಕ್ಕೆ ನೀವು ಓದಬಹುದು, ಅಷ್ಟೇ.’

ಟೈಪಿಸ್ಟ್ ಹುಡುಗಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಹಗ್ಗದಣ್ಣನನ್ನು ಮಣ್ಣು ಮಾಡಿ ಬಂದು ಇನ್ನೂ ವಾರ ತುಂಬಿರಲಿಲ್ಲ. ಅವಳೂ ಹೋಗಿದ್ದಳು. ಹಿಡಿ ಮಣ್ಣು ಹಾಕಿ ಬಂದಿದ್ದಳು.

ಲಿಫ್ಟುಗಳ ಉಸ್ತುವಾರಿ ನೋಡುವ ಆ ಕಚೇರಿಗೆ ಅವರೇ ಹಿರಿಯ ಇಂಜಿನಿಯರ್. ಉಕ್ಕಿನ ಹಗ್ಗವನ್ನು ಬರಿಗೈಯಲ್ಲಿ ಸವರಿ ನೋಡದೆ ಯಾವ ಲಿಫ್ಟಿಗೂ ಸಹಿ ಹಾಕಿದವರಲ್ಲ. ಅದಕ್ಕೇ ಆ ಹೆಸರು ಬಂದಿತ್ತು. ತಮಾಷೆಗೆ ತಮ್ಮ ಲ್ಯಾಪ್‌ಟಾಪಿಗೂ ಅದನ್ನೇ ಇಟ್ಟುಕೊಂಡಿದ್ದರು.

ಊರಾಚೆಯ ವಸತಿ ಕಟ್ಟಡದ ಲಿಫ್ಟ್ ನೋಡಿ ಬಂದು ವರದಿ ಬರೆದಿದ್ದರು: ‘ಹಗ್ಗ ಸವೆದಿದೆ. ಬದಲಿಸುವ ತನಕ ಓಡಿಸಬಾರದು.’ ಕಚೇರಿಯ ಯಜಮಾನರಿಗೆ ಅದು ಹಿಡಿಸಲಿಲ್ಲ. ಒಮ್ಮೆ ಓಡಿಸಿ ತೋರಿಸಿ ಬಾ ಎಂದು ಅವರನ್ನೇ ಕಳಿಸಿದರು. ಹಗ್ಗ ಕಿತ್ತುಹೋಯಿತು. ಒಳಗಿದ್ದದ್ದು ಹಗ್ಗದಣ್ಣ ಒಬ್ಬರೇ.

ನಾಳೆ ತನಿಖೆಯವರು ಬರುವವರಿದ್ದರು. ಅಷ್ಟರೊಳಗೆ ಆ ಸಾಲು ಹೋಗಬೇಕು, ಅಲ್ಲಿ ‘ಹಗ್ಗ ಸರಿಯಿದೆ’ ಎಂದು ಬರಬೇಕು. ಆಗ ತಪ್ಪೆಲ್ಲ ಸತ್ತವರ ತಲೆಗೆ. ಹಾಗಂತ ಯಜಮಾನರ ಅಪ್ಪಣೆ. ಅದನ್ನು ಅವಳಿಗೆ ದಾಟಿಸಿದವರು ಮ್ಯಾನೇಜರ್.

ಮ್ಯಾನೇಜರ್ ಕಲ್ಲಿನಂಥ ಮನುಷ್ಯ. ಹಗ್ಗದಣ್ಣನ ಜೊತೆಗೇ ಕೆಲಸಕ್ಕೆ ಸೇರಿದವರು, ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಉಂಡು ಮಲಗಿದವರು. ಮಣ್ಣು ಮಾಡುವಾಗ ಮಾತ್ರ ಅವರ ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಆವತ್ತಿನಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಕೂರುತ್ತಿದ್ದರು.

ಅವಳು ಬಾಗಿಲು ತಟ್ಟಿದಳು. ಮೇಜಿನ ಮೇಲಿನ ಫೋನಿನಿಂದ ಯಜಮಾನರ ದನಿ ಕೋಣೆ ತುಂಬ ಕೇಳುತ್ತಿತ್ತು. “ಆಯ್ತೇನ್ರೀ?”

“ಇಲ್ಲ ಸರ್. ಹಗ್ಗದಣ್ಣ ತೆರೆದಿದ್ದಾರೆ ಅಂತ ಬರ್ತಿದೆ,” ಎಂದಳು ಅವಳು, ಒಳಗೆ ಬಂದು.



“ಅವನು ಬಿಡೋ ತನಕ ಕಾಯ್ಬೇಕಷ್ಟೆ. ಪ್ರಯತ್ನ ಮಾಡ್ತಾ ಇರಮ್ಮ,” ಎಂದರು ಮ್ಯಾನೇಜರ್.

“ಬೇರೆ ಹೆಸರಲ್ಲಿ ಮಾಡ್ರೀ!” ಎಂದು ಯಜಮಾನರು ಗುಡುಗಿದರು.

“ಹಳೇದು ಹೋಗಲ್ಲ, ಎರಡು ವರದಿ ಆಗುತ್ತೆ ಸರ್. ತನಿಖೆಯವರ ಕಣ್ಣಿಗೆ ಎರಡೂ ಬೀಳುತ್ತೆ,” ಎಂದರು ಮ್ಯಾನೇಜರ್, ತಣ್ಣಗೆ.

ಅವಳು ತನ್ನ ಜಾಗಕ್ಕೆ ಬಂದು, ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದಳು. ಯಾವ ಫೈಲ್ ಎಂದು ಮಾತ್ರ ಹೇಳಲಿಲ್ಲ.

“ಅಯ್ಯೋ, ಅದಕ್ಯಾಕೆ ಇಷ್ಟು ಗಾಬರಿ?” ಅವನು ನಕ್ಕ. “ನಾವು ಫೈಲ್ ತೆರೆದ ಕೂಡಲೇ ಪಕ್ಕದಲ್ಲೇ ಒಂದು ಪುಟಾಣಿ ಫೈಲ್ ಹುಟ್ಕೊಳ್ಳುತ್ತೆ. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕ್ದಂಗೆ. ಮಾಮೂಲಿಗೆ ಕಣ್ಣಿಗೆ ಕಾಣಲ್ಲ. ತೆರೆದ ಮಷೀನಲ್ಲಿ ಯಾವ ಹೆಸರಿದೆಯೋ ಅದು ಅದರೊಳಗೆ ಇರುತ್ತೆ. ಫೈಲ್ ಮುಚ್ಚಿದ್ರೆ ಅದೂ ಮಾಯ. ಮಷೀನ್ ದಿಢೀರಂತ ಕೆಟ್ರೆ ಕೆಲವು ಸಲ ಹಾಗೇ ಉಳ್ಕೊಂಡುಬಿಡುತ್ತೆ. ಅಳಿಸಿಹಾಕಿ, ಸರಿಹೋಗುತ್ತೆ.”

ಅವಳ ಎದೆ ಹಗುರಾಯಿತು. ಅಷ್ಟೇ ತಾನೇ! ಅವನು ಹೇಳಿಕೊಟ್ಟಂತೆ ಅಡಗಿದ ಫೈಲುಗಳು ಕಾಣುವ ಹಾಗೆ ಮಾಡಿದಳು. ವರದಿಯ ಪಕ್ಕದಲ್ಲೇ ಅದು ಕೂತಿತ್ತು, ತೊಳೆದು ತೊಳೆದು ಬಣ್ಣ ಹೋದ ಬಟ್ಟೆಯಂತೆ ಮಸುಕಾಗಿ. ಅಳಿಸುವ ಗುಂಡಿ ಒತ್ತಿದಳು.

ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಊಹೂಂ.

“ಹೋಗ್ತಿಲ್ವಾ?” ಫೋನಿನಲ್ಲಿ ಅವನ ನಗು ನಿಂತಿತು. “ಹಾಗಿದ್ರೆ ಅದು ಉಳ್ಕೊಂಡಿದ್ದಲ್ಲ. ಆ ಫೈಲನ್ನ ಯಾರೋ ಈಗ, ಈ ಗಳಿಗೇಲಿ, ತೆರೆದು ಕೂತಿದ್ದಾರೆ. ನಾನು ಬಂದು ನೋಡಿದ್ರೆ ಯಾವ ಮಷೀನು ಅಂತ ಹೇಳ್ತೀನಿ.”

ಅವಳು ತಲೆ ಎತ್ತಿದಳು. ಎದುರಿಗೇ ಹಗ್ಗದಣ್ಣನ ಖಾಲಿ ಕುರ್ಚಿ. ಯಾರೂ ಅದನ್ನು ಪಕ್ಕಕ್ಕೆ ಸರಿಸಿರಲಿಲ್ಲ. ಅವರು ಎದ್ದು ಹೋದಾಗ ತಿರುಗಿದ್ದ ದಿಕ್ಕಿಗೇ ತಿರುಗಿತ್ತು.

ಮ್ಯಾನೇಜರ್ ಬಳಿ ಓಡಿದಳು.

“ಯಾರನ್ನೂ ಕರೆಸೋದು ಬೇಡ,” ಎಂದರು ಅವರು, ಚುರುಕಾಗಿ. “ವಿಷಯ ಹೊರಗೆ ಹೋಗಬಾರದು.”

“ಸರ್, ಅವರ ಲ್ಯಾಪ್‌ಟಾಪ್?”

“ಲಿಫ್ಟಲ್ಲಿ ಅವನ ಜೊತೆಗೇ ಹೋಯ್ತು ಅಂತ ಬರೆದುಕೊಟ್ಟಿದೀನಲ್ಲಮ್ಮ.”

ಅವಳು ತನ್ನ ಜಾಗಕ್ಕೆ ಮರಳಿದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಳು. ಫೈಲ್ ತೆರೆದಳು. ಅದೇ ಮಾತು, ಅದೇ ಹೆಸರು. ಆದರೆ ಯಾಕೋ ಇವತ್ತು ಭಯವಾಗಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ತಪ್ಪುಗಳನ್ನು ಯಾರಿಗೂ ತಿಳಿಯದ ಹಾಗೆ ತಿದ್ದಿಕೊಟ್ಟವರು ಅವರು. ಆ ಮನುಷ್ಯನ ಮಾತನ್ನು ಅಳಿಸಲು ನಿನ್ನೆಯಿಂದ ಒದ್ದಾಡುತ್ತಿರುವವಳು ತಾನು. ಅವಳು ಪರದೆಯ ಹತ್ತಿರ ಬಾಗಿದಳು.

“ಬಿಡಬೇಡಿ ಅಣ್ಣ,” ಎಂದಳು ಪಿಸುದನಿಯಲ್ಲಿ.

ತನಿಖೆಯವರು ಬಂದಾಗಲೂ ಹಗ್ಗದಣ್ಣ ಬಿಟ್ಟಿರಲಿಲ್ಲ. ಓದಲು ಅಡ್ಡಿ ಇರಲಿಲ್ಲವಲ್ಲ, ಬಂದ ಹೆಂಗಸು ಅವಳ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಿದಳು: “ಹಗ್ಗ ಸವೆದಿದೆ. ಬದಲಿಸುವ ತನಕ ಓಡಿಸಬಾರದು.” ಆಮೇಲೆ ಅದರ ಪ್ರತಿ ತೆಗೆದುಕೊಂಡು ಯಜಮಾನರ ಮನೆಯ ವಿಳಾಸ ಕೇಳಿದಳು. ಮ್ಯಾನೇಜರ್ ಒಂದಕ್ಷರ ತಡವರಿಸದೆ ಹೇಳಿದರು.

ಜೀಪು ಹೊರಟ ಸದ್ದು ಕೇಳಿಸಿತು. ಬಂದವರು ಮ್ಯಾನೇಜರರ ಕೋಣೆಯ ಬಾಗಿಲನ್ನು ತೆರೆದೇ ಬಿಟ್ಟು ಹೋಗಿದ್ದರು. ಟೈಪಿಸ್ಟ್ ಕೂತಲ್ಲಿಂದಲೇ ಕಂಡಳು. ಆ ಕಲ್ಲಿನಂಥ ಮನುಷ್ಯ ಮೇಜಿನ ಕೆಳಗಿನ ಖಾನೆ ಎಳೆದು, ಪರದೆ ಬೆಳಗುತ್ತಲೇ ಇದ್ದ ಲ್ಯಾಪ್‌ಟಾಪೊಂದನ್ನು ತೊಡೆಯ ಮೇಲಿಟ್ಟುಕೊಂಡರು. ಏನೋ ಒತ್ತಿದರು. ಮೆಲ್ಲಗೆ ಮುಚ್ಚಿದರು. ಮುಚ್ಚಿದ ಮೇಲೂ ಅದರ ಮೇಲಿಂದ ಕೈ ತೆಗೆಯಲಿಲ್ಲ. ಅವರ ಹೆಗಲು ಅದುರುತ್ತಿತ್ತು.

ಅವಳ ಪರದೆಯ ಮೇಲಿದ್ದ ಆ ಮಸುಕು ಫೈಲ್ ಮಾಯವಾಯಿತು.

“ಎದ್ದು ಹೋದ್ನೇನಮ್ಮಾ ಅವನು?” ಎಂದರು ಮ್ಯಾನೇಜರ್, ತಲೆ ಎತ್ತದೆ.